ಹಂದಿ ಮಾಂಸ ಬಿಡದೆ ತೂಕ ಇಳಿಸುವುದು: ನನ್ನ ಅನುಭವ

ತೂಕ ಇಳಿಸಬೇಕು ಅಂದ ಕೂಡಲೇ ಎಲ್ಲರೂ ಮೊದಲು ಬಿಡಿಸುವುದು ಹಂದಿ ಮಾಂಸ. ನಾನು ನೆಣವನ್ನು ಬಿಟ್ಟೆ, ಮಾಂಸವನ್ನು ಉಳಿಸಿಕೊಂಡೆ. ಇದಕ್ಕೆ ಕಾರಣ ಲೆಕ್ಕದಲ್ಲೇ ಇದೆ. ನೆಣ ತೆಗೆದ ತೊಡೆಯ ಮಾಂಸ, ಹಸಿಯಾಗಿ ತೂಗಿದ 100 ಗ್ರಾಂಗೆ ಸುಮಾರು 136 ಕ್ಯಾಲೊರಿ, 20 ಗ್ರಾಂ ಪ್ರೊಟೀನ್. ಚರ್ಮ ತೆಗೆದ ಕೋಳಿ ಎದೆ 120 ಕ್ಯಾಲೊರಿ. ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅದೇ ಹಂದಿಯ ಹೊಟ್ಟೆಯ ಪದರ ಮಾಂಸ 100 ಗ್ರಾಂಗೆ 500 ಕ್ಯಾಲೊರಿ ದಾಟುತ್ತದೆ, ಪ್ರೊಟೀನ್ ಬರೀ 9 ಗ್ರಾಂ. ಅಂಗಡಿಯಲ್ಲಿ ಸುಮ್ಮನೆ "ಒಂದು ಕೆಜಿ ಪೋರ್ಕ್" ಅಂದರೆ ಮಾಂಸ, ನೆಣ, ಚರ್ಮ ಎಲ್ಲ ಸೇರಿಸಿಯೇ ಕೊಡುತ್ತಾರೆ. ಕೊಡಗಿನ ಪಂದಿ ಕರಿಗೆ ಹಾಗೇ ಬೇಕು ಕೂಡ. ತೂಕ ಇಳಿಸುವವರು ಮಾತ್ರ ಬಾಯಿ ಬಿಟ್ಟು ಕೇಳಬೇಕು: "ಅಣ್ಣಾ, ಭುಜದ ಮಾಂಸ ಕೊಡಿ, ಚರ್ಮ ಬೇಡ, ಮೇಲಿನ ನೆಣ ಪೂರ್ತಿ ತೆಗೀರಿ." ಕತ್ತರಿಸುವ ಮೊದಲೇ ಹೇಳಿ. ತುಂಡು ಮಾಡಿದ ಮೇಲೆ ನೆಣ ಬಿಡಿಸುವುದು ಆಗದ ಕೆಲಸ. ಮಾಂಸದೊಳಗೆ ಅಕ್ಕಿಕಾಳಿನಷ್ಟು ಬಿಳಿ ಗುಳ್ಳೆಗಳು ಕಂಡರೆ ಅದು ಲಾಡಿಹುಳದ ಮರಿಕೋಶ, ಅಂಥದ್ದನ್ನು ಕೊಳ್ಳಲೇಬೇಡಿ.

ತೊಡೆ, ಬೆನ್ನಿನಲ್ಲಿ ಕೊಬ್ಬು ಇನ್ನೂ ಕಡಿಮೆ ಇರುವಾಗ ಭುಜ ಯಾಕೆ ಅಂದರೆ, ಸಾರಿನಲ್ಲಿ ಕುದಿಯುವಾಗ ಕೊಬ್ಬು ಕಡಿಮೆ ಇರುವ ಮಾಂಸ ಒಣಗಿ ನಾರು ನಾರಾಗುತ್ತದೆ. ಎಷ್ಟು ಹೊತ್ತು ಬೇಯಿಸುತ್ತೀರೋ ಅಷ್ಟೂ ಗಟ್ಟಿ. ಭುಜದ ಸ್ನಾಯುಗಳ ನಡುವೆ ಕೊಲಾಜೆನ್ ಅನ್ನುವ ಗಟ್ಟಿ ಪ್ರೊಟೀನ್ ಇರುತ್ತದೆ. ಅದು ಸಣ್ಣ ಉರಿಯಲ್ಲಿ ನಿಧಾನಕ್ಕೆ ಕರಗಿ ಜಿಲೆಟಿನ್ ಆಗಿ ಮಾಂಸವನ್ನು ಮೆತ್ತಗಿಡುತ್ತದೆ. ಹೊರಗಿನ ನೆಣ ತೆಗೆದ ಭುಜಕ್ಕೆ 100 ಗ್ರಾಂಗೆ ಸುಮಾರು 150 ಕ್ಯಾಲೊರಿ, ಅಷ್ಟಕ್ಕೆ ಅಡ್ಡಿಯಿಲ್ಲ. ಬೆನ್ನಿನ ಮಾಂಸ ತಂದರೆ ಅದನ್ನು ಎಳೆಗೆ ಅಡ್ಡಲಾಗಿ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ, ಒಂದು ಚಮಚ ಎಣ್ಣೆಯಲ್ಲಿ ಕರಿಮೆಣಸು ಹಾಕಿ ಜೋರು ಉರಿಯಲ್ಲಿ ಹುರಿಯುತ್ತೇನೆ. ಒಳಗೆ ಕೆಂಪು ಉಳಿಯದಷ್ಟು ಬೆಂದರೆ ಸಾಕು, ತಕ್ಷಣ ಇಳಿಸಬೇಕು.

ಕರಿಯನ್ನು ನಾನು ಎರಡು ದಿನಕ್ಕೆ ಹಂಚಿ ಮಾಡುತ್ತೇನೆ, ಇಡೀ ಪದ್ಧತಿಯ ಗುಟ್ಟು ಇದೇ. ಒಂದು ಕೆಜಿ ಭುಜದ ಮಾಂಸವನ್ನು ಒಂದಂಗುಲದ ತುಂಡು ಮಾಡಿ, ಉಪ್ಪು, ಅರಿಶಿನ, ಜಜ್ಜಿದ ಶುಂಠಿ-ಬೆಳ್ಳುಳ್ಳಿ, ನಾಲ್ಕೈದು ಸೀಳಿದ ಹಸಿಮೆಣಸಿನಕಾಯಿ ಸೇರಿಸಿ ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಗೆ ಇಡಿ. ಎಣ್ಣೆ ಬೇಡ. ಮಾಂಸವೇ ನೀರು, ಜಿಡ್ಡು ಎರಡನ್ನೂ ಬಿಡುತ್ತದೆ. ಎರಡು ಲೋಟ ನೀರು ಹಾಕಿ, ಗುಳ್ಳೆ ಮೆಲ್ಲಗೆ ಏಳುವಷ್ಟು ಉರಿಯಲ್ಲಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಿ. ಕೊತಕೊತ ಕುದಿಸಿದರೆ ಕೊಬ್ಬು ಸಣ್ಣ ಹನಿಗಳಾಗಿ ಒಡೆದು ರಸದಲ್ಲಿ ಬೆರೆತುಬಿಡುತ್ತದೆ, ಆಮೇಲೆ ಬೇರೆ ಮಾಡಲು ಬರುವುದಿಲ್ಲ. ರುಬ್ಬಿದ ಈರುಳ್ಳಿಯನ್ನೂ ಮಸಾಲೆ ಪುಡಿಯನ್ನೂ ಈ ಹಂತದಲ್ಲಿ ಹಾಕದಿರುವುದು ಇದೇ ಕಾರಣಕ್ಕೆ, ಅವು ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತವೆ.

ಬಿಸಿ ಆರಿದ ಮೇಲೆ, ಎರಡು ಗಂಟೆಯೊಳಗೆ, ಪಾತ್ರೆಯನ್ನು ಫ್ರಿಜ್ಜಿಗೆ ಸೇರಿಸಿ. ಬೆಳಗ್ಗೆ ಮೇಲೆ ಬೆಳ್ಳಗೆ ಗಟ್ಟಿ ಪದರ ಕೂತಿರುತ್ತದೆ. ಚಮಚದ ತುದಿಯಿಂದ ಅಂಚು ಬಿಡಿಸಿದರೆ ತುಂಡು ತುಂಡಾಗಿ ಏಳುತ್ತದೆ. ಅದನ್ನು ತೂಗಿ ನೋಡಿ. 50 ಗ್ರಾಂ ಬಂದರೆ 450 ಕ್ಯಾಲೊರಿ ತೆಗೆದ ಹಾಗೆ, ಒಂದು ಊಟದಷ್ಟು! ಅದರ ಕೆಳಗೆ ಅಲುಗುವ, ಕಂದು ಬಣ್ಣದ ಲೋಳೆ ಇರುತ್ತದೆ. ಅನೇಕರು ಅದನ್ನೂ ಕೊಬ್ಬು ಅಂದುಕೊಂಡು ಚೆಲ್ಲುತ್ತಾರೆ. ಅದು ಜಿಲೆಟಿನ್, ರುಚಿಯೆಲ್ಲ ಅದರಲ್ಲಿದೆ, ಚೆಲ್ಲಬೇಡಿ.

ಈಗ ಮಸಾಲೆ. ಎರಡು ದೊಡ್ಡ ಚಮಚ ಕೊತ್ತಂಬರಿ ಬೀಜ, ಒಂದೊಂದು ಚಮಚ ಜೀರಿಗೆ ಮತ್ತು ಕರಿಮೆಣಸು, ಅರ್ಧ ಸಣ್ಣ ಚಮಚ ಸಾಸಿವೆ, ಕಾಲು ಸಣ್ಣ ಚಮಚ ಮೆಂತ್ಯ, ಇಷ್ಟನ್ನೂ ಬೇರೆ ಬೇರೆಯಾಗಿ, ಗಾಢ ಕಂದು ಬರುವ ತನಕ ಹುರಿದು ಪುಡಿ ಮಾಡಿ. ಮೆಂತ್ಯ ಕಪ್ಪಾದರೆ ಇಡೀ ಕರಿ ಕಹಿ. ಮಾಂಸವನ್ನು ಮತ್ತೆ ಚೆನ್ನಾಗಿ ಕುದಿ ಬರಿಸಿ, ಹೆಚ್ಚಿದ ಈರುಳ್ಳಿ, ಪುಡಿ ಹಾಕಿ, ರಸ ಇಂಗಿ ತುಂಡುಗಳಿಗೆ ಅಂಟುವವರೆಗೆ ಬಿಡಿ. ಕಾಚಂಪುಳಿ, ಅಂದರೆ ಕೊಡಗಿನ ಕಪ್ಪು ಹುಳಿ ರಸ, ಕೊನೆಗೆ ಒಂದು ಸಣ್ಣ ಚಮಚ. ರುಚಿ ನೋಡಿ ಇನ್ನರ್ಧ. ಹುಳಿ ಮತ್ತು ಮೆಣಸು ಗಟ್ಟಿಯಾಗಿದ್ದರೆ ನೆಣ ಇಲ್ಲದ ಕೊರತೆ ನಾಲಿಗೆಗೆ ಅಷ್ಟಾಗಿ ತಿಳಿಯುವುದಿಲ್ಲ.

ಜೊತೆಗೆ ಏನು ತಿನ್ನುತ್ತೀರಿ ಅನ್ನುವುದರಲ್ಲಿ ಬಹಳ ಜನ ಎಡವುತ್ತಾರೆ. ಒಂದು ಕಡಂಬುಟ್ಟಿಗೆ (ಹಬೆಯಲ್ಲಿ ಬೇಯಿಸಿದ ಅಕ್ಕಿ ಉಂಡೆ) 20 ಗ್ರಾಂ ಅಕ್ಕಿ ತರಿ ಹಿಡಿದರೆ 70 ಕ್ಯಾಲೊರಿ, ಆರು ತಿಂದರೆ 420. ನಾನು ಎರಡಕ್ಕೆ ನಿಲ್ಲಿಸುತ್ತೇನೆ, ಇಲ್ಲವೇ 60 ಗ್ರಾಂ ಹಿಟ್ಟಿನ ಸಣ್ಣ ಮುದ್ದೆ, ಸುಮಾರು 200 ಕ್ಯಾಲೊರಿ. ತಟ್ಟೆಯ ಅರ್ಧ ಹುರುಳಿಕಾಯಿ ಪಲ್ಯ ಅಥವಾ ಸೊಪ್ಪು. ಮಾಂಸ ಹಸಿ ಲೆಕ್ಕದಲ್ಲಿ 150 ಗ್ರಾಂ, ಸುಮಾರು 30 ಗ್ರಾಂ ಪ್ರೊಟೀನ್. ಬೆಂದ ಮೇಲೆ ಮಾಂಸ ಕಾಲು ಭಾಗದಷ್ಟು ತೂಕ ಕಳೆದುಕೊಳ್ಳುತ್ತದೆ. ಬೆಂದದ್ದನ್ನು ತೂಗಿ ಹಸಿ ಮಾಂಸದ ಅಂಕಿ ಹಾಕಿದರೆ ದಿನಾ ಕಡಿಮೆ ಲೆಕ್ಕ ಬರೆದುಕೊಂಡು "ಯಾಕೆ ಇಳಿಯುತ್ತಿಲ್ಲ" ಅಂತ ಕೊರಗಬೇಕಾಗುತ್ತದೆ.

ಮಟನ್ ವಿಷಯದಲ್ಲಿ ಮೇಕೆ, ಕುರಿ ಯಾವುದು ಅಂತ ಕೇಳಿ ತನ್ನಿ. ಮೇಕೆ ಮಾಂಸ 100 ಗ್ರಾಂಗೆ ಸುಮಾರು 110 ಕ್ಯಾಲೊರಿ, ಕೊಬ್ಬು ಬಹಳ ಕಡಿಮೆ. ಕುರಿಯಲ್ಲಿ ಕೊಬ್ಬು ಜಾಸ್ತಿ. ಆದರೆ ನಮ್ಮ ಕಡೆಯ ಸಾರಿಗೆ ರುಬ್ಬುವ ತೆಂಗಿನಕಾಯಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಸಿ ಕಾಯಿತುರಿ 100 ಗ್ರಾಂಗೆ 350 ಕ್ಯಾಲೊರಿ, ಮಾಂಸದ ಮೂರು ಪಟ್ಟು. ಅರ್ಧ ಕಿಲೋಗೆ ಎರಡು ಚಮಚ ಕಾಯಿ ಸಾಕು. ಸಾರು ಗಟ್ಟಿಯಾಗಲು ಹುರಿಗಡಲೆ ಸ್ವಲ್ಪ ಹಾಕಿ. ಕೋಳಿಯ ಚರ್ಮ ತೆಗೆಸಿ, ಅಷ್ಟೇ. ಲಿವರ್‌ನಲ್ಲಿ ಕಬ್ಬಿಣಾಂಶ ಚೆನ್ನಾಗಿದೆ, ವಾರಕ್ಕೊಮ್ಮೆ ಸಾಕು. ಎ ಜೀವಸತ್ವ ಅತಿಯಾಗಿರುವುದರಿಂದ ಬಸುರಿಯರಿಗೆ ಬೇಡ. ಯೂರಿಕ್ ಆಸಿಡ್ ಜಾಸ್ತಿ ಇರುವವರೂ ಲಿವರ್, ಬೋಟಿ ಮುಟ್ಟದಿರುವುದು ಒಳ್ಳೆಯದು. ಮೂತ್ರಪಿಂಡದ ತೊಂದರೆ ಇದ್ದರೆ ಪ್ರೊಟೀನ್ ಹೆಚ್ಚಿಸುವ ಮೊದಲು ವೈದ್ಯರನ್ನು ಕೇಳಲೇಬೇಕು.

ಹಂದಿ, ಕುರಿ, ಮೇಕೆ, ದನ ಎಲ್ಲವೂ ಕೆಂಪು ಮಾಂಸವೇ. ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುವ ಮಿತಿ ವಾರಕ್ಕೆ ಬೇಯಿಸಿದ ತೂಕದಲ್ಲಿ 350ರಿಂದ 500 ಗ್ರಾಂ. ನನ್ನ ಪಟ್ಟಿಯಲ್ಲಿ ಹಾಗಾಗಿ ಕೆಂಪು ಮಾಂಸ ವಾರಕ್ಕೆ ಮೂರು ಊಟ, ಉಳಿದ ದಿನ ಕೋಳಿ, ಮೀನು, ಮೊಟ್ಟೆ, ಕಾಳು. ಬೇಕನ್, ಸಾಸೇಜ್, ಸಲಾಮಿಗಳಿಗೆ ಇದರಲ್ಲಿ ಜಾಗವೇ ಇಲ್ಲ. ಅವುಗಳಲ್ಲಿ ಉಪ್ಪು, ಕೊಬ್ಬು ಎರಡೂ ವಿಪರೀತ, ಮೇಲೆ 2015ರಲ್ಲೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕ ಪಟ್ಟಿಗೆ ಸೇರಿಸಿದೆ.

ಉಪ್ಪು ಖಾರದ ಊಟದ ಮರುದಿನ ತಕ್ಕಡಿ ಅರ್ಧದಿಂದ ಒಂದು ಕೆಜಿ ಮೇಲೆ ತೋರಿಸಬಹುದು. ಅದು ದೇಹ ಹಿಡಿದುಕೊಂಡ ನೀರು, ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಹೆದರಿ ಊಟ ಬಿಡಬೇಡಿ, ವಾರದ ಸರಾಸರಿ ನೋಡಿ. ಮಾಡಿದ ಕರಿಯನ್ನು ಒಂದೊಂದು ಊಟದ ಅಳತೆಗೆ ಡಬ್ಬಿಗಳಲ್ಲಿ ತುಂಬಿಡಿ, ಫ್ರಿಜ್ಜಿನಲ್ಲಿ ಮೂರು ದಿನ ಇರುತ್ತದೆ. ದೊಡ್ಡ ಪಾತ್ರೆಯನ್ನೇ ಮೇಜಿನ ಮೇಲಿಟ್ಟರೆ ಅಳತೆ ಉಳಿಯುವುದಿಲ್ಲ.