ಮುತ್ತಾತ ಯಾವ ಊರಿಂದ ಬಂದ್ರು ಅಂತ ಹುಡುಕೋದು ಹೇಗೆ? ಹೆಸರು ಬಿಡಿ, ಜಮೀನು ಹಿಡಿದು ಹೋಗಿ

ಅಮೆರಿಕದವರು ತಮ್ಮ ವಂಶದ ಹಳೆ ರೈತರನ್ನು ಹುಡುಕೋದು ನೋಡಿದ್ರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಗುತ್ತೆ. ಅಲ್ಲಿ 1850ರ ಜನಗಣತಿಯಿಂದ ಮನೆಯಲ್ಲಿದ್ದ ಪ್ರತಿಯೊಬ್ಬರ ಹೆಸರು, ವಯಸ್ಸು, ಹುಟ್ಟಿದ ರಾಜ್ಯ ಬರೆದಿಟ್ಟಿದ್ದಾರೆ (ಗುಲಾಮರಾಗಿದ್ದವರನ್ನು ಬಿಟ್ಟು, ಅವರ ಹೆಸರು ಬರೆಯೋ ಮನಸ್ಸು ಮಾಡಲಿಲ್ಲ). ಒಂದು ಕುಟುಂಬ 1850ರಲ್ಲಿ ಒಹಾಯೊದಲ್ಲಿ, 1860ರಲ್ಲಿ ಅಯೋವಾದಲ್ಲಿ, 1880ರಲ್ಲಿ ನೆಬ್ರಾಸ್ಕಾದಲ್ಲಿ ಇದ್ದರೆ, ಅವರು ಪಶ್ಚಿಮಕ್ಕೆ ಸರಿದುಕೊಂಡು ಹೋದ ದಾರಿ ಸುಮ್ನೆ ಕಣ್ಣಿಗೆ ಕಾಣುತ್ತೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ ಸರ್ಕಾರ 160 ಎಕರೆವರೆಗೆ ಜಮೀನು ಕೊಡ್ತಿತ್ತು. 5 ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದ್ದೀನಿ ಅಂತ ರೈತ ಇಬ್ಬರು ಸಾಕ್ಷಿ ಕರ್ಕೊಂಡು ಬಂದು ಹೇಳಬೇಕಿತ್ತು. ಮನೆ ಎಷ್ಟು ದೊಡ್ಡದು, ಬಾವಿ ಇದೆಯಾ, ಎಷ್ಟು ಎಕರೆ ಉತ್ತಿದ್ದಾನೆ, ಏನು ಬೆಳೆದ, ಎಲ್ಲ ಆ ಕಡತದಲ್ಲಿದೆ. 1890ರ ಗಣತಿ ಕಾಗದ 1921ರ ಬೆಂಕಿಯಲ್ಲಿ ಹೆಚ್ಚುಕಮ್ಮಿ ಪೂರ್ತಿ ಹಾಳಾಯ್ತು. ಅದಕ್ಕೇ ಆ ಹೊತ್ತಿನ ವಲಸೆ ಹುಡುಕೋರಿಗೆ ಅಲ್ಲೂ ಗತಿ ಜಮೀನಿನ ಕಾಗದವೇ.

ನಮ್ಮಲ್ಲಿ ಶುರುವಿನಿಂದಲೇ ಅದೇ ಗತಿ. ಮೈಸೂರು ಸಂಸ್ಥಾನದಲ್ಲೂ 1871ರಲ್ಲಿ ಜನಗಣತಿ ಆಯ್ತು. ಆದರೆ ನಮ್ಮ ಕೈಗೆ ಸಿಗೋದು ತಾಲ್ಲೂಕಿಗೆ ಎಷ್ಟು ಜನ ಅನ್ನೋ ಲೆಕ್ಕ, ನಿಮ್ಮ ಮುತ್ತಾತನ ಮನೆ ಅಲ್ಲ. ಹೆಸರು ಹಿಡಿದು ಹೋಗೋಣ ಅಂದ್ರೆ ತಾತನ ಹೆಸರು ಮೊಮ್ಮಗನಿಗೆ, ಅವನ ಹೆಸರು ಅವನ ಮೊಮ್ಮಗನಿಗೆ. ಒಂದೇ ಊರಲ್ಲಿ ಒಂದೇ ಕಾಲಕ್ಕೆ ನಾಲ್ಕು ಜನ ಬೋರೇಗೌಡರು ಇರ್ತಾರೆ. ಮನುಷ್ಯರು ಊರು ಬಿಡ್ತಾರೆ, ಹೊಲ ಊರು ಬಿಡಲ್ಲ ಅಲ್ವಾ? ಸರ್ವೆ ನಂಬರ್ ಹಿಡ್ಕೊಳ್ಳಿ.

ಮೊದಲು ಮನೆಯ ಹಿರಿಯರ ಹತ್ತಿರ ಕೂತ್ಕೊಳ್ಳಿ. "ಅಜ್ಜಿ, ನಮ್ಮ ಮುತ್ತಾತ ಯಾವ ಇಸವೀಲಿ ಹುಟ್ಟಿದ್ದು?" ಅಂತ ಕೇಳಿದ್ರೆ "ನಂಗೇನ್ ಗೊತ್ತಪ್ಪ" ಅನ್ನೋ ಉತ್ತರ ಬರುತ್ತೆ, ಮಾತು ಅಲ್ಲಿಗೇ ಮುಗಿಯುತ್ತೆ. ಹೊಲದ ಬಗ್ಗೆ ಕೇಳಿ. ಯಾವ ಹೊಲ ಯಾರದ್ದು, ಯಾರು ಯಾರಿಗೆ ಮಾರಿದ್ರು, ಯಾವ ಹೊಲಕ್ಕೆ ಜಗಳ ಆಯ್ತು, ಯಾವ ಊರಿಂದ ಹೆಣ್ಣು ತಂದ್ರು, ಯಾವ ಊರಿಗೆ ಕೊಟ್ರು. ಸೋದರತ್ತೆಯರನ್ನು ಮರೀಬೇಡಿ. ಗಂಡಸರಿಗಿಂತ ಅವರಿಗೇ ಜಾಸ್ತಿ ನೆನಪಿರುತ್ತೆ, ಯಾಕಂದ್ರೆ ತವರಿನ ಪಾಲು ಯಾರಿಗೆ ಹೋಯ್ತು ಅನ್ನೋ ಲೆಕ್ಕ ಅವರ ತಲೆಯಲ್ಲಿರುತ್ತೆ.

ಇಸವಿ ಬೇಕಾದರೆ ಘಟನೆಗೆ ಕಟ್ಟಿ ಕೇಳಿ. 1876ರಿಂದ 78ರವರೆಗಿನ ದೊಡ್ಡ ಬರ ಸಂಸ್ಥಾನದ ಜನರಲ್ಲಿ ಸುಮಾರು ಐದನೇ ಒಂದು ಪಾಲನ್ನು ನುಂಗಿತು. ಹಳಬರು ಅದನ್ನು ಧಾತು ಸಂವತ್ಸರದ ಬರ ಅಂತಲೇ ನೆನಪಿಟ್ಟಿದ್ದರು. 1898ರಲ್ಲಿ ಪ್ಲೇಗ್ ಬಂದಾಗ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕ್ಕೊಂಡಿದ್ದರು. 1918ರಲ್ಲಿ ಇನ್‌ಫ್ಲುಯೆಂಜಾ, 1924ರಲ್ಲಿ ಕಾವೇರಿಯ ದೊಡ್ಡ ಪ್ರವಾಹ, 1938ರಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ. "ಹೊಳೆ ತುಂಬಿ ಬಂದಾಗ ನಿಮ್ಮಪ್ಪ ಎಷ್ಟು ದೊಡ್ಡೋರಿದ್ರಂತೆ?" ಅಂತ ಕೇಳಿದ್ರೆ "ದನ ಕಾಯ್ತಿದ್ನಂತೆ" ಅಂತ ಉತ್ತರ ಬರಬಹುದು. ಅಲ್ಲಿಗೆ ಹತ್ತು ವರ್ಷದ ಆಚೀಚೆ ಅಂತ ಹಿಡೀಬಹುದು. ಸಂವತ್ಸರದ ಹೆಸರು ಸಿಕ್ಕಿದರೆ ಇನ್ನೂ ಒಳ್ಳೇದು. ಆದರೆ 60 ವರ್ಷಕ್ಕೊಂದು ಸಲ ಅದೇ ಹೆಸರು ಬರುತ್ತೆ, ಧಾತು 1876ರಲ್ಲೂ ಇದೆ 1936ರಲ್ಲೂ ಇದೆ. ಯಾವ ಸುತ್ತು ಅಂತ ತಲೆಮಾರು ಎಣಿಸಿ ನೋಡಿ.

ಇನ್ನು ಕಾಗದ. ಈಗಿನ ಪಹಣಿಯನ್ನು ಕಂದಾಯ ಇಲಾಖೆಯ ಭೂಮಿ ವೆಬ್‌ಸೈಟಲ್ಲಿ ತೆಗೀರಿ, ಸರ್ವೆ ನಂಬರ್, ಹಿಸ್ಸಾ (ಪಾಲಿನ) ನಂಬರ್ ಬರ್ಕೊಳ್ಳಿ. ಪಾಲಾಗಿ ಪೋಡಿ ಆಗಿದ್ದರೆ, ಅಂದ್ರೆ ಅಳೆದು ಬೇರೆ ನಂಬರ್ ಕೊಟ್ಟಿದ್ದರೆ, ಹಳೆಯ 45 ಈಗ 45/1, 45/2 ಅಂತ ಒಡೆದಿರುತ್ತೆ. ಕೆಳಗಿನ ನಂಬರ್ ಬಿಟ್ಟು 45ನ್ನೇ ಹಿಡ್ಕೊಂಡು ಹಿಂದಕ್ಕೆ ಹೋಗಿ. ಆಮೇಲೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ. ಇಲ್ಲಿ ಒಂದು ಮಾತು: ಅರ್ಜಿಯಲ್ಲಿ "ನಮ್ಮ ಕುಟುಂಬದ ಹಳೆ ದಾಖಲೆ ಕೊಡಿ" ಅಂತ ಬರೆದರೆ "ಲಭ್ಯವಿಲ್ಲ" ಅಂತ ಹಿಂಬರಹ ಬರುತ್ತೆ. ಗ್ರಾಮ, ಹೋಬಳಿ, ಸರ್ವೆ ನಂಬರ್ ಹಾಕಿ, ಇಂಡೆಕ್ಸ್ ಆಫ್ ಲ್ಯಾಂಡ್ಸ್ (ಊರಿನ ಜಮೀನುಗಳ ಸೂಚಿ), ಆರ್‌ಆರ್, ಎಂಆರ್ (ಆರ್‌ಆರ್ ಅಂದ್ರೆ ಹಕ್ಕು ದಾಖಲೆ, ಎಂಆರ್ ಅಂದ್ರೆ ಖಾತೆ ಬದಲಾವಣೆ ಪುಸ್ತಕ) ನಕಲು, ಹಳೆ ಕೈಬರಹದ ಪಹಣಿ ಅಂತ ಒಂದೊಂದನ್ನೂ ಹೆಸರಿಟ್ಟು ಕೇಳಿ. ಭೂ ಸುರಕ್ಷಾ ಯೋಜನೆಯಲ್ಲಿ ಹಳೆ ಕಡತಗಳನ್ನು ಸ್ಕ್ಯಾನ್ ಮಾಡ್ತಿರೋದರಿಂದ, ನಿಮ್ಮ ತಾಲ್ಲೂಕಿನದ್ದು ಆನ್‌ಲೈನ್ ಬಂದಿದೆಯಾ ಅಂತ ಮೊದಲು ನೋಡಿ, ಓಡಾಟ ಉಳಿಯುತ್ತೆ. ಸರ್ವೆ ಇಲಾಖೆಯಲ್ಲಿ ಟಿಪ್ಪಣಿ (ಹೊಲದ ಅಳತೆ ಕಾಗದ), ಆಕಾರ್‌ಬಂದ್ (ವಿಸ್ತೀರ್ಣ, ಕಂದಾಯದ ಪುಸ್ತಕ) ಕೂಡ ಕೇಳಿ. ಮೈಸೂರು ಸೀಮೆಯ ಕಂದಾಯ ಸರ್ವೆ ಶುರುವಾಗಿದ್ದೇ 1863ರಲ್ಲಿ, ಹಾಗಾಗಿ ಆ ದಾರಿಯಲ್ಲಿ 19ನೇ ಶತಮಾನದವರೆಗೆ ಹೋಗೋ ಆಸೆ ಇಟ್ಕೋಬಹುದು.

ನಕಲು ಕೈಗೆ ಬಂದ ಮೇಲೆ ಓದೋದೇ ದೊಡ್ಡ ಕೆಲಸ. ಒಂದು ಹಳೆ ಕ್ರಯಪತ್ರದ ಸಾಲು ಹೆಚ್ಚುಕಮ್ಮಿ ಹೀಗಿರುತ್ತೆ: "ಕರಿಯಪ್ಪ ಬಿನ್ ಬೋರಯ್ಯ... ಖುಷ್ಕಿ 1 ಎಕರೆ 20 ಗುಂಟೆ, ಇದಕ್ಕೆ ಚಕ್ಕುಬಂದಿ, ಪೂರ್ವಕ್ಕೆ ಮಂಚಯ್ಯ ಬಿನ್ ಬೋರಯ್ಯನ ಜಮೀನು, ಪಶ್ಚಿಮಕ್ಕೆ ಕೆರೆ ಏರಿ..." ಬಿನ್ ಅಂದ್ರೆ ಇಂಥವರ ಮಗ, ಕೋಂ ಅಂದ್ರೆ ಇಂಥವರ ಹೆಂಡತಿ. ಅಂದರೆ ಒಂದೇ ಸಾಲಲ್ಲಿ ಎರಡು ತಲೆಮಾರು ಸಿಕ್ತು. ಚಕ್ಕುಬಂದಿ, ಅಂದ್ರೆ ನಾಲ್ಕು ದಿಕ್ಕಿನ ಗಡಿ, ನೋಡಿ ಈಗ. ಪಕ್ಕದ ಹೊಲದವನ ಅಪ್ಪನೂ ಬೋರಯ್ಯ. ಇಬ್ಬರೂ ಅಣ್ಣತಮ್ಮಂದಿರು, ಅಪ್ಪನ ಹೊಲ ಭಾಗ ಆಗಿದೆ ಅನ್ನೋ ಅನುಮಾನ ಬರಬೇಕು. ಆಮೇಲೆ ಮಂಚಯ್ಯನ ಕಡೆಯ ಕಾಗದ ಹುಡುಕಿದ್ರೆ, ನಿಮ್ಮ ಮನೆಯಲ್ಲಿ ಕಳೆದುಹೋಗಿದ್ದು ಅವರ ಮನೆಯ ಟ್ರಂಕಿನಲ್ಲಿ ಸಿಗಬಹುದು. ಎಲ್ಲರೂ ಹೆಸರು, ವಿಸ್ತೀರ್ಣ ನೋಡಿ ಕಾಗದ ಮಡಚಿಡ್ತಾರೆ, ಚಕ್ಕುಬಂದಿ ಓದೋದೇ ಇಲ್ಲ. ನನ್ನ ಪ್ರಕಾರ ಇಡೀ ಪತ್ರದಲ್ಲಿ ಅದಕ್ಕಿಂತ ಬೆಲೆಬಾಳೋ ಸಾಲು ಬೇರೆ ಇಲ್ಲ. ಊರಿನ ಲೆಕ್ಕ ಬರೀತಿದ್ದ ಶ್ಯಾನುಭೋಗರ ಮೋಡಿ (ಕೂಡಿಸಿ ಬರೆಯೋ) ಅಕ್ಷರ ಅರ್ಥವಾಗದಿದ್ದರೆ ಸಬ್ ರಿಜಿಸ್ಟ್ರಾರ್ ಕಚೇರಿ ಹತ್ತಿರ ಕೂರೋ ವಯಸ್ಸಾದ ಪತ್ರ ಬರಹಗಾರರನ್ನು ಕೇಳಿ, ಟೀ ಕುಡಿಸಿ ನಿಧಾನಕ್ಕೆ ಓದಿಸ್ಕೊಳ್ಳಿ.

ಖುಷ್ಕಿ, ತರಿ, ಬಾಗಾಯ್ತು ಅನ್ನೋದನ್ನೂ ಹಾಗೇ ದಾಟಿಸಬೇಡಿ. ಮಳೆ ನಂಬಿದ ರಾಗಿ ಹೊಲ ಖುಷ್ಕಿ, ನೀರು ಹಾಯೋ ಗದ್ದೆ ತರಿ, ತೋಟ ಬಾಗಾಯ್ತು. ಮಂಡ್ಯದ ಕಡೆ ಒಂದೇ ಸರ್ವೆ ನಂಬರ್ ಹಳೆ ಕಾಗದದಲ್ಲಿ ಖುಷ್ಕಿ, ಆಮೇಲಿನದರಲ್ಲಿ ತರಿ ಅಂತ ಇದ್ದರೆ ನಡುವೆ ನಾಲೆ ಬಂದಿದೆ ಅಂತ ಲೆಕ್ಕ. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ಕೆಲಸ 1911ರಲ್ಲಿ ಶುರುವಾಯ್ತು, 1930ರ ದಶಕದಲ್ಲಿ ಇರ್ವಿನ್ ನಾಲೆ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯದ ಬಯಲಿಗೆ ಹರೀತು, 1933ರಲ್ಲಿ ಸಕ್ಕರೆ ಕಂಪನಿ ಬಂತು. ಅಲ್ಲಿಂದ ಕಬ್ಬಿನ ಸೀಮೆ. ನಿಮ್ಮ ಮನೆಯವರ ಹೆಸರು ಆ ದಶಕದಲ್ಲೇ ಮೊದಲ ಸಲ ಈ ಊರಿನ ಕಾಗದದಲ್ಲಿ ಕಾಣಿಸಿಕೊಂಡಿದ್ದರೆ, ಯಾವುದಾದ್ರೂ ಒಣ ಸೀಮೆಯಿಂದ ನೀರು ಹುಡುಕ್ಕೊಂಡು ಬಂದವರಾ, ಇಲ್ಲಾ ಕಟ್ಟೆಯ ಹಿನ್ನೀರಲ್ಲಿ ಊರು ಮುಳುಗಿ ಎದ್ದು ಬಂದವರಾ ಅಂತ ಎರಡೂ ಕಡೆ ವಿಚಾರಿಸಿ. ಹಳೆ ಕನ್ನಂಬಾಡಿ ಊರೇ ಮುಳುಗಿತ್ತು. ನೀರಿನಡಿ ಹೋದ ಊರಿನವರಿಗೆ ಪಹಣಿಯ ದಾರಿ ಅಲ್ಲಿಗೆ ಕಡಿಯುತ್ತೆ, ಭೂಸ್ವಾಧೀನದ ಕಡತ ಹುಡುಕಬೇಕು. ಮೈಸೂರಿನಲ್ಲಿ ರಾಜ್ಯ ಪತ್ರಾಗಾರದ ವಿಭಾಗೀಯ ಕಚೇರಿ ಇದೆ, ಮೊದಲು ಅಲ್ಲಿ ವಿಚಾರಿಸಿ.

ಜಿಲ್ಲೆ, ತಾಲ್ಲೂಕಿನ ಹೆಸರು ಹಳೆ ಕಾಗದದಲ್ಲಿ ಬೇರೆ ಇರುತ್ತೆ, ಗಾಬರಿಯಾಗಬೇಡಿ. ಮಂಡ್ಯ ಜಿಲ್ಲೆ ಆಗಿದ್ದು 1939ರಲ್ಲಿ, ಅದಕ್ಕೂ ಹಿಂದಿನದು ಹೆಚ್ಚಾಗಿ ಮೈಸೂರು ಜಿಲ್ಲೆ. ಪಾಂಡವಪುರ ಆಗ ಫ್ರೆಂಚ್ ರಾಕ್ಸ್, ಕೆ.ಆರ್. ಪೇಟೆ ಅಂದ್ರೆ ಅತ್ತಿಕುಪ್ಪೆ.

ಸ್ವಂತ ಜಮೀನೇ ಇರಲಿಲ್ಲ, ಗೇಣಿಗೆ ಉಳ್ತಿದ್ದರು ಅನ್ನೋ ಕುಟುಂಬಗಳಿಗೆ ಇಷ್ಟೆಲ್ಲ ಹೇಳಿ ಪ್ರಯೋಜನ ಇಲ್ಲ ಅನ್ನಿಸಬಹುದು. ಹಾಗೇನಿಲ್ಲ. 1974ರ ಭೂ ಸುಧಾರಣೆಯಲ್ಲಿ "ಡಿಕ್ಲರೇಷನ್ ಹಾಕಿದ್ರು" ಅಂತಾರಲ್ಲ, ಆ ಫಾರಂ 7ರ (ಗೇಣಿದಾರರು ತಾವು ಉಳ್ತಿದ್ದ ಜಮೀನಿಗೆ ಹಾಕಿದ ಅರ್ಜಿ) ಕಡತ ಭೂ ನ್ಯಾಯಮಂಡಳಿಯದ್ದು, ಅದರ ನಕಲು ಕೇಳಿ. ಯಾರ ಜಮೀನು ಯಾವ ಕಾಲದಿಂದ ಉಳ್ತಿದ್ದರು, ಗೇಣಿ ಎಷ್ಟು ಅಳೀತಿದ್ದರು ಅನ್ನೋದು ರೈತರದ್ದೇ ಹೇಳಿಕೆಯಲ್ಲಿ ಬಂದಿರಬಹುದು, ಪಕ್ಕದ ಹೊಲದವರ ಸಾಕ್ಷಿಯೂ ಇರಬಹುದು. ಅಮೆರಿಕದ ಆ ಹೋಮ್‌ಸ್ಟೆಡ್ ರೈತನ ಕಡತಕ್ಕೆ ನಮ್ಮಲ್ಲಿ ಸಮ ಅಂದ್ರೆ ಇದೇ. ಭೂಮಿಯ ಕಾಗದವೇ ಇಲ್ಲದ ಕೂಲಿ ಕುಟುಂಬಗಳಲ್ಲಿ ಕೆಲವರು ಕೊಡಗಿನ, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ, ಪಶ್ಚಿಮಕ್ಕೇ, ಹೋದವರು. ಅವರ ವಿಷಯದಲ್ಲಿ ಶಾಲೆಯ ದಾಖಲಾತಿ ಪುಸ್ತಕ, ಹಿರಿಯರ ಮಾತು ಬಿಟ್ಟರೆ ಆಸರೆ ಕಡಿಮೆ.

ಕಾಗದ ನಿಂತ ಕಡೆ ಮನೆದೇವರು ಹಿಡೀರಿ. ಊರು ಬಿಟ್ಟರೂ ಮನೆದೇವರನ್ನು ಬಿಡೋದು ಕಡಿಮೆ. ಮೈಸೂರಿನ ಪಕ್ಕ ಇದ್ದುಕೊಂಡು ನಾಗಮಂಗಲ ಕಡೆಯ ಯಾವುದೋ ಸಣ್ಣ ಹಳ್ಳಿಯ ದೇವರಿಗೆ ವರ್ಷಕ್ಕೊಂದು ಸಲ ಹೋಗಿ ಎಡೆ ಇಡೋ ಮನೆ ಇದ್ದರೆ, ಆ ಹಳ್ಳಿಯಲ್ಲೇ ಹುಡುಕಾಟ ಶುರು ಮಾಡಿ. ಮಲೆ ಮಹದೇಶ್ವರ, ಚುಂಚನಗಿರಿ ಭೈರವನಂಥ ದೊಡ್ಡ ದೇವರಾದ್ರೆ ಇಡೀ ಸೀಮೆಯೇ ಒಕ್ಕಲು, ಅದರಿಂದ ಜಾಸ್ತಿ ತಿಳಿಯಲ್ಲ. ಸಣ್ಣ ದೇವರಾದಷ್ಟೂ ಸುಳಿವು ಗಟ್ಟಿ.

ವಂಶದ ಕಥೆ ಹೇಳೋ ಹೆಳವರು ನಿಮ್ಮ ಊರಿಗೆ ಈಗಲೂ ಬರ್ತಾರಾ ಅಂತ ಕೇಳಿ. ಹಿಂದೆ ಎತ್ತಿನ ಮೇಲೆ ಗಂಟೆ ಬಾರಿಸ್ಕೊಂಡು ಬಂದು, ಮನೆ ಮುಂದೆ ನಿಂತು, ಈ ವಂಶ ಎಲ್ಲಿಂದ ಎದ್ದು ಎಲ್ಲಿಗೆ ಬಂತು ಅಂತ ಹೇಳ್ತಿದ್ದರು. ಹೆಳವರಿಗೆ ಅವರವರ ಒಕ್ಕಲು ಅಂತ ಇರುತ್ತೆ, ನಿಮ್ಮ ಮನೆತನದ ಹೆಳವರು ಯಾರು ಅಂತಲೇ ಹುಡುಕಬೇಕು. ಫೋನಲ್ಲಿ ರೆಕಾರ್ಡ್ ಮಾಡೋ ಮೊದಲು ಕೇಳಿ ಒಪ್ಪಿಸ್ಕೊಳ್ಳಿ. ಅದು ಅವರ ಹೊಟ್ಟೆಪಾಡಿನ ವಿದ್ಯೆ, ಕಾಣಿಕೆ ಕೈತುಂಬ ಕೊಡಿ. ಅವರು ಹೇಳಿದ್ದನ್ನು ಹಾಗೇ ನಂಬೋದೂ ಬೇಡ, ಸುಳ್ಳು ಅಂತ ತಳ್ಳೋದೂ ಬೇಡ. ಹೇಳಿದ ಊರಿನ ಹೆಸರು ಬರ್ಕೊಂಡು, ಆ ಊರಿನ ಹಳೆ ದಾಖಲೆಯಲ್ಲಿ ನಿಮ್ಮ ಹಿರಿಯರ ಹೆಸರು "ಬಿನ್" ಜೊತೆ ಸಿಗುತ್ತಾ ನೋಡಿ.

ಕೊನೆಗೆ ಮೂಲದ ಊರು ಸಿಕ್ಕಿ ಅಲ್ಲಿಗೆ ಹೊರಟರೆ, ಕಾಗದದ ಕಟ್ಟು ಹಿಡ್ಕೊಂಡು ನೇರ ಯಾರದ್ದೋ ಹೊಲಕ್ಕೆ ಇಳೀಬೇಡಿ. ಮೊದಲು ಅಂಗಡಿ ಮುಂದೆಯೋ ಅರಳಿಕಟ್ಟೆಯಲ್ಲೋ ಕೂತು, ಇಂಥ ಮನೆತನದವರು, ಭಾಗ ಕೇಳೋಕೆ ಬಂದಿಲ್ಲ, ಹಿರಿಯರ ವಿಷಯ ತಿಳ್ಕೊಳ್ಳೋಕೆ ಬಂದ್ವಿ ಅಂತ ಬಾಯಿಬಿಟ್ಟು ಹೇಳಿ. ಇದನ್ನ ಹೇಳದಿದ್ದರೆ ಯಾರೂ ಬಾಯಿ ಬಿಡಲ್ಲ, ಸರ್ವೆ ನಂಬರ್ ಕೇಳಿದ ತಕ್ಷಣ ಎದ್ದು ಹೋಗ್ತಾರೆ. ಹೇಳಿದ ಮೇಲೂ ಒಬ್ಬಿಬ್ಬರು ಅನುಮಾನದಿಂದಲೇ ನೋಡ್ತಾರೆ, ಅದು ಸಹಜ. ಊರ ಹಿರಿಯರೊಬ್ಬರನ್ನು ಜೊತೆಗೆ ಕರ್ಕೊಂಡು ಹಳೆ ಮನೆ ಜಾಗ, ಹಿರಿಯರ ಸಮಾಧಿ, ಹೊಲದ ಹೆಸರು ಕೇಳಿ ಬರ್ಕೊಳ್ಳಿ, ನಕಲಿನ ಮೇಲೆ ಆ ಹೆಸರುಗಳನ್ನ ಪೆನ್ಸಿಲ್‌ನಲ್ಲಿ ಅಲ್ಲೇ ಗುರುತು ಹಾಕಿ.