ಸಿಇಟಿಯಲ್ಲಿ ಉತ್ತರ ತಿಳಿಯದ ಪ್ರಶ್ನೆಗಳಿಗೆ
ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲವಾದ್ದರಿಂದ, ಪ್ರತಿ ವಿಷಯದ 80 ನಿಮಿಷಗಳಲ್ಲಿ ಕೊನೆಯ 5 ನಿಮಿಷಗಳನ್ನು ಮೀಸಲಿಟ್ಟು, ತೀರಾ ತಿಳಿಯದ ಪ್ರಶ್ನೆಗಳಿಗೆಲ್ಲ ಒಂದೇ ಆಯ್ಕೆಯನ್ನು, ಅಂದರೆ ನೀವು ಖಚಿತವಾಗಿ ಗುರುತಿಸಿದ ಉತ್ತರಗಳಲ್ಲಿ ಅತಿ ಕಡಿಮೆ ಬಾರಿ ಬಂದಿರುವ ಆಯ್ಕೆಯನ್ನು ಒಎಂಆರ್ ಹಾಳೆಯಲ್ಲಿ ತುಂಬಿಬಿಡಿ. ಸರಿಯುತ್ತರಗಳು ನಾಲ್ಕೂ ಆಯ್ಕೆಗಳಲ್ಲಿ ಹೆಚ್ಚುಕಡಿಮೆ ಸಮನಾಗಿ ಹಂಚಿಹೋಗಿದ್ದರೆ, ಉಳಿದ ಪ್ರಶ್ನೆಗಳಲ್ಲಿ ಆ ಆಯ್ಕೆಯೇ ಹೆಚ್ಚಾಗಿರುವ ಸಾಧ್ಯತೆಯಿದೆ. ಹಾಗಿಲ್ಲದಿದ್ದರೂ ಸರಾಸರಿ ನಾಲ್ಕಕ್ಕೊಂದು ಅಂಕದ ನಿರೀಕ್ಷೆಗೆ ಧಕ್ಕೆಯಿಲ್ಲ. 60 ಪ್ರಶ್ನೆಗಳಲ್ಲಿ ಅರ್ಧದಷ್ಟನ್ನೂ ಖಚಿತವಾಗಿ ಬಿಡಿಸಿಲ್ಲದವರಿಗೆ ಈ ಲೆಕ್ಕ ಅಷ್ಟಾಗಿ ನೆರವಾಗದು. ಒಂದೆರಡು ಆಯ್ಕೆಗಳನ್ನು ತಳ್ಳಿಹಾಕಬಲ್ಲಿರಾದರೆ ಅದೇ ಉತ್ತಮ ದಾರಿ. ತಪ್ಪಿಗೆ 1 ಅಂಕ ಕಳೆಯುವ ನೀಟ್‌ನಲ್ಲಂತೂ ದಯವಿಟ್ಟು ಈ ಸಾಹಸಕ್ಕೆ ಇಳಿಯಬೇಡಿ.