ಪತ್ರದ ಡಿಸೈನ್ ಕಲಿಯಲು ಹೋಗಿ ಡೇಟಾ ಹಿಡಿದು ಕೂತಿದ್ದು

ನಿಮ್ಮ ಮನೆಗೆ ಬರುವ ವಿಮಾ ಕಂತಿನ ನೋಟಿಸು, ಬ್ಯಾಂಕ್ ಸ್ಟೇಟ್‌ಮೆಂಟು, ಕ್ರೆಡಿಟ್ ಕಾರ್ಡ್ ಬಿಲ್ಲು ಇವುಗಳ ಟೆಂಪ್ಲೇಟ್, ಅಂದರೆ ಹೆಸರು, ಮೊತ್ತಕ್ಕೆ ಜಾಗ ಬಿಟ್ಟ ಮಾದರಿ, ಮಾಡುವುದು ನನ್ನ ಕೆಲಸ. ಹೀಗೆ ಹೇಳಿದ ತಕ್ಷಣ 'ಓ, ವರ್ಡ್‌ನಲ್ಲಿ ಮೇಲ್ ಮರ್ಜ್ ಮಾಡ್ತೀವಲ್ಲ, ಅದೇ ಅಲ್ವಾ?' ಅನ್ನುತ್ತಾರೆ. ಒಂದು ಪತ್ರ ಬರೆದಿಟ್ಟು ಪಟ್ಟಿಯಿಂದ ಹೆಸರು, ವಿಳಾಸ ತುಂಬುವುದು, ಮೂಲದಲ್ಲಿ ಅದೇ. ಆದರೆ ಒಂದೇ ಟೆಂಪ್ಲೇಟಿನಿಂದ ಲಕ್ಷಗಟ್ಟಲೆ ಪತ್ರ ಹೊರಡಬೇಕು. ಒಬ್ಬರಿಗೆ ಒಂದು ಪುಟ, ಇನ್ನೊಬ್ಬರಿಗೆ ಒಂಬತ್ತು. ಕೆಲವರಿಗೆ ಕನ್ನಡ, ಕೆಲವರಿಗೆ ಇಂಗ್ಲಿಷ್. ಅದೇ ವಿಷಯ ಇಮೇಲ್‌ಗೂ ಎಸ್‌ಎಂಎಸ್‌ಗೂ ಹೋಗಬೇಕು. ಅಲ್ಲಿಗೆ ಮೇಲ್ ಮರ್ಜ್ ಕೈ ಎತ್ತುತ್ತದೆ.

ನಾನು ಕಲಿತದ್ದು ಕ್ವಾಡಿಯೆಂಟ್ ಕಂಪನಿಯ ಸಾಫ್ಟ್‌ವೇರ್ ಇನ್‌ಸ್ಪೈರ್ ಡಿಸೈನರ್‌ನಲ್ಲಿ. ಇದು ಮೊದಲು ಸ್ವಿಟ್ಜರ್ಲೆಂಡಿನ ಜಿಎಂಸಿ ಕಂಪನಿಯದಾಗಿತ್ತು. 2012ರಲ್ಲಿ ಫ್ರಾನ್ಸಿನ ನಿಯೋಪೋಸ್ಟ್ ಅದನ್ನು ಕೊಂಡಿತು. 2019ರಲ್ಲಿ ನಿಯೋಪೋಸ್ಟ್ ತನ್ನ ಹೆಸರನ್ನೇ ಕ್ವಾಡಿಯೆಂಟ್ ಎಂದು ಬದಲಿಸಿಕೊಂಡಿತು. ಹಳಬರು ಈಗಲೂ 'ಜಿಎಂಸಿ ಬರುತ್ತಾ?' ಎಂದೇ ಕೇಳುತ್ತಾರೆ. ಕೆಲಸ ಹುಡುಕುವವರು ಎರಡೂ ಹೆಸರು ಹಾಕಿ ಹುಡುಕುವುದು ಒಳ್ಳೆಯದು.

ಡಿಸೈನರ್ ತೆರೆದರೆ ಮೊದಲು ಕಾಣುವುದು ಪುಟವಲ್ಲ, ವರ್ಕ್‌ಫ್ಲೋ. ಚಿಕ್ಕ ಚಿಕ್ಕ ಡಬ್ಬಿಗಳು, ಅವುಗಳ ನಡುವೆ ಗೆರೆ. ಒಂದು ಡಬ್ಬಿ ಡೇಟಾ ಓದುತ್ತದೆ, ಒಂದು ಅದನ್ನು ತಿದ್ದುತ್ತದೆ, ಒಂದು ಪುಟಕ್ಕೆ ಜೋಡಿಸುತ್ತದೆ, ಕೊನೆಯದು ಪಿಡಿಎಫ್ಫೋ ಎಎಫ್‌ಪಿಯೋ (ದೊಡ್ಡ ಪ್ರಿಂಟರ್‌ಗಳಿಗೆ ಹೋಗುವ ಫೈಲ್) ಮಾಡಿ ಹೊರಗೆ ಕಳಿಸುತ್ತದೆ. ಹೊಸಬರೆಲ್ಲ ಸೀದಾ ಲೇಔಟ್ ಡಬ್ಬಿಗೆ ಓಡುತ್ತಾರೆ. ಲೋಗೋ ಕೂರಿಸುವುದು, ಬಣ್ಣ ಹಚ್ಚುವುದು ಖುಷಿಯ ಕೆಲಸ ನೋಡಿ. ನಾನು ಶುರು ಮಾಡಿದ್ದು ಪೇಪರಿನ ಮೇಲೆ. ನನ್ನ ಪಾಲಿಗೆ ಮೊದಲು ಬಂದಿದ್ದು ವಿಮಾ ಕಂತಿನ ನೆನಪೋಲೆ. ಅದರ ಹಳೇ ಪ್ರಿಂಟ್ ತೆಗೆದುಕೊಂಡು ಮೂರು ಬಣ್ಣದ ಪೆನ್ನಿನಲ್ಲಿ ಗೀಚಿದೆ. ಎಲ್ಲರಿಗೂ ಒಂದೇ ಆಗಿರುವ ಸಾಲಿಗೆ ಒಂದು ಬಣ್ಣ. ಗಿರಾಕಿಯಿಂದ ಗಿರಾಕಿಗೆ ಬದಲಾಗುವ ಹೆಸರು, ಮೊತ್ತ, ದಿನಾಂಕಕ್ಕೆ ಇನ್ನೊಂದು. ಕೆಲವರಿಗೆ ಮಾತ್ರ ಬರುವ ಪ್ಯಾರಾಗೆ ಮೂರನೆಯದು. ಆ ಮೂರನೇ ಬಣ್ಣವೇ ನಿಜವಾದ ಕೆಲಸ.

ಡೇಟಾ ಎಕ್ಸ್‌ಎಂಎಲ್ ಎಂಬ, ಒಂದರೊಳಗೊಂದು ಜೋಡಿಸಿಡುವ ಫೈಲಿನಲ್ಲಿ ಬಂದರೆ ಅರ್ಧ ತಲೆನೋವು ಕಡಿಮೆ. ಒಬ್ಬ ಗಿರಾಕಿ, ಅವರ ಕೆಳಗೆ ಅವರ ಪಾಲಿಸಿಗಳು ಎಂಬ ಗುಂಪು ಅದರಲ್ಲೇ ಇರುತ್ತದೆ. ಸಿಎಸ್‌ವಿ, ಅಂದರೆ ಬರೀ ಸಾಲು ಸಾಲಾದ ಪಟ್ಟಿ, ಆದರೆ ಮೂರು ಪಾಲಿಸಿ ಇರುವವರ ಹೆಸರು ಮೂರು ಸಾಲಿನಲ್ಲಿ ಬರುತ್ತದೆ. ಗ್ರಾಹಕ ಸಂಖ್ಯೆ ನೋಡಿ ಗುಂಪು ಮಾಡದಿದ್ದರೆ ಒಬ್ಬರಿಗೇ ಮೂರು ಪತ್ರ. ಗುಂಪಾದ ಮೇಲೆ ಟೇಬಲ್‌ನಲ್ಲಿ ಒಂದೇ ಒಂದು ಸಾಲು ಬರೆದು, ಅದನ್ನು 'ರಿಪೀಟೆಡ್' ಎಂದು ಪಾಲಿಸಿಗಳ ಪಟ್ಟಿಗೆ ಕಟ್ಟಬೇಕು. ಎಷ್ಟು ಪಾಲಿಸಿ ಇವೆಯೋ ಅಷ್ಟು ಸಾಲು ತಾನಾಗಿ ಬೆಳೆಯುತ್ತದೆ.

ಬೆಳೆದು ಪುಟ ತುಂಬಿದರೆ? ಪಠ್ಯ ತುಂಬುವ ಚೌಕಕ್ಕೆ ಇಲ್ಲಿ ಫ್ಲೋ ಏರಿಯಾ ಎನ್ನುತ್ತಾರೆ. ಅದು ಉಕ್ಕಿದಾಗ ಯಾವ ಪುಟಕ್ಕೆ ಹರಿಯಬೇಕು ಎಂದು ಮೊದಲೇ ಹೇಳಿಡಬೇಕು. ನಾನು ಮೊದಲ ಪುಟ, ಮುಂದುವರಿದ ಪುಟ ಎಂದು ಎರಡೇ ಇಟ್ಟುಕೊಳ್ಳುತ್ತೇನೆ. ವಿಳಾಸ, ಲೋಗೋ ಮೊದಲನೆಯದರಲ್ಲಿ ಮಾತ್ರ. ಎ4 ಹಾಳೆ ಮೂರು ಮಡಿಕೆಯಾಗಿ 110×220 ಮಿಲಿಮೀಟರಿನ ಕವರ್ ಸೇರುತ್ತದೆ. ವಿಳಾಸ ಆ ಕವರಿನ ಕಿಟಕಿಯಲ್ಲಿ ಸರಿಯಾಗಿ ಕಾಣಬೇಕು, ಪಕ್ಕದ ಮೊತ್ತ ಇಣುಕಬಾರದು. ಹಾಗಾಗಿ ಕವರಿನ ಅಳತೆ ಕೈಗೆ ಬರುವ ತನಕ ನಾನು ವಿಳಾಸದ ಚೌಕ ಮುಟ್ಟುವುದಿಲ್ಲ.

ಕನ್ನಡದ ಪತ್ರ ಮಾಡುವಾಗ ಮಜಾ ಬೇರೆ. ಮೊದಲು ಒತ್ತಕ್ಷರ. ಸಾಫ್ಟ್‌ವೇರ್ ಅಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೋ ಇಲ್ಲವೋ ಎಂದು ತಿಳಿಯಲು 'ಸೂರ್ಯ', 'ರಾಷ್ಟ್ರ', 'ಶ್ರೀ', 'ಕರ್ನಾಟಕ' ಇಷ್ಟು ಹಾಕಿ ಪಿಡಿಎಫ್ ತೆಗೆದರೆ ಸಾಕು. ಅರ್ಕಾವತ್ತು ಜಾಗ ತಪ್ಪಿದರೆ ಅಲ್ಲೇ ಸಿಕ್ಕಿಬೀಳುತ್ತದೆ. ಪರದೆಯ ಮೇಲೆ ಚೆನ್ನಾಗಿದೆ ಎಂದು ಸುಮ್ನೆ ನಂಬಬಾರದು, ಔಟ್‌ಪುಟ್ ಫೈಲನ್ನೇ ನೋಡಬೇಕು. ಗಿರಾಕಿ ಕಂಪನಿಯಿಂದ ಬರುವ ಪಠ್ಯ ಹಳೇ 'ನುಡಿ' ತಂತ್ರಾಂಶದ ಎನ್‌ಕೋಡಿಂಗ್‌ನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಡಿ ಎಂದು ಕೇಳುತ್ತೇನೆ.

ಆಮೇಲೆ ವಿಭಕ್ತಿ. ಇಂಗ್ಲಿಷ್‌ನಲ್ಲಿ ಹೆಸರಿನ ಜಾಗದಲ್ಲಿ ಹೆಸರು ಇಟ್ಟರೆ ಮುಗಿಯಿತು. ನಮ್ಮಲ್ಲಿ ವೇರಿಯಬಲ್ (ಹೆಸರು ಬಂದು ಕೂರುವ ಜಾಗ) ಮುಂದೆ 'ಗೆ' ಅಂಟಿಸಿದರೆ ಗಿರಿಜಾಗೆ ಸರಿ ಹೋಗುತ್ತದೆ, ಮಂಜುನಾಥಗೆ ಹೋಗುವುದಿಲ್ಲ. ಪ್ರತ್ಯಯವನ್ನು ಹೆಸರಿನ ಮೇಲೆ ಬೀಳಲು ಬಿಡಬೇಡಿ, 'ಅವರಿಗೆ', 'ಅವರ' ಎಂದು ಪಕ್ಕದಲ್ಲಿ ನಿಲ್ಲಿಸಿ. ಮೊತ್ತಕ್ಕೂ ಹಾಗೇ: 'ಬಾಕಿ ಮೊತ್ತ: ರೂ. 1,25,000' ಎಂದು ಬೇರೆ ಸಾಲಿನಲ್ಲಿಟ್ಟರೆ ಯಾವ ಪ್ರತ್ಯಯದ ಗೊಡವೆಯೂ ಇಲ್ಲ. ಅಲ್ಪವಿರಾಮ ಮಾತ್ರ ಲಕ್ಷದ ಲೆಕ್ಕಕ್ಕೆ ಬೀಳಬೇಕು, 125,000 ಎಂದು ಬಂದರೆ ಓದುವವರು ಒಂದು ಕ್ಷಣ ತಡವರಿಸುತ್ತಾರೆ. ಇನ್ನು ಗಂಡು ಹೆಣ್ಣು ಯಾರೆಂದು ಡೇಟಾದಲ್ಲಿ ಇಲ್ಲದಿದ್ದರೆ 'ಮಾನ್ಯರೇ' ಎಂಬುದು ಕಾಪಾಡುತ್ತದೆ.

ಎಸ್‌ಎಂಎಸ್ ಬೇರೆಯೇ ಲೋಕ. ಇಂಗ್ಲಿಷ್‌ನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ, ಕನ್ನಡದಲ್ಲಿ 70. ಆ 70ರಲ್ಲಿ ಗುಣಿತ, ಒತ್ತು ಎಲ್ಲ ಬಿಡಿಬಿಡಿಯಾಗಿ ಎಣಿಕೆಗೆ ಬರುತ್ತವೆ. ಒಂದು 'ಷ್ಟ್ರ'ಕ್ಕೇ ಐದು ಹೋಯಿತು! ನಮ್ಮ ದೇಶದಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ 2018ರಲ್ಲಿ ತಂದ ನಿಯಮದಂತೆ ಟೆಂಪ್ಲೇಟನ್ನು ಮೊದಲೇ ನೋಂದಾಯಿಸಬೇಕು. ಹಾಗಾಗಿ ಪತ್ರದ ಪಠ್ಯವನ್ನೇ ಕತ್ತರಿಸಿ ಹಾಕಲು ಆಗುವುದಿಲ್ಲ. ಎಸ್‌ಎಂಎಸ್ ಅನ್ನು ಹೊಸದಾಗಿಯೇ ಬರೆಯಬೇಕು.

ಪರೀಕ್ಷೆಗೆ ನಿಜವಾದ ಗಿರಾಕಿಗಳ ಡೇಟಾ ನಾನು ಮುಟ್ಟುವುದಿಲ್ಲ. ಸುಳ್ಳು ದಾಖಲೆಗಳನ್ನು ನಾನೇ ಕಟ್ಟುತ್ತೇನೆ, ಬೇಕಂತಲೇ ಕಿರಿಕಿರಿ ಮಾಡುವಂಥವು. ತುಂಬಾ ಉದ್ದ ಹೆಸರಿನವರು, ಒಂದೇ ಇನಿಶಿಯಲ್ ಇರುವವರು, ವಿಳಾಸದ ಎರಡನೇ ಸಾಲು ಖಾಲಿ ಇರುವವರು, ಪಾಲಿಸಿಯೇ ಇಲ್ಲದವರು, ನಲವತ್ತು ಪಾಲಿಸಿ ಇರುವವರು, ಬಾಕಿ ಸೊನ್ನೆ ಇರುವವರು. ಪೆನ್ನಿನಲ್ಲಿ ಗುರುತಿಸಿದ ಮೂರನೇ ಬಣ್ಣದ ಪ್ರತಿ ಪ್ಯಾರಾಗೂ ಬರುವವರೊಬ್ಬರು, ಬಾರದವರೊಬ್ಬರು ಇರಲೇಬೇಕು. ಪತ್ರವನ್ನು ಮೊದಲೇ ತೋರಿಸುವ ಡಿಸೈನರ್‌ನ ಪ್ರೂಫ್ ಕಿಟಕಿಯಲ್ಲಿ ಇವರನ್ನು ಒಬ್ಬೊಬ್ಬರನ್ನಾಗಿ ತೆರೆದು ನೋಡುವುದಕ್ಕೆ ಡಿಸೈನ್‌ಗಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ಡಿಸೈನರ್‌ಗೆ ಲೈಸೆನ್ಸ್ ಬೇಕು, ಕಂಪನಿ ಕೊಡಿಸದೆ ಕೈಗೆ ಸಿಗುವುದು ಕಷ್ಟ. ಅಲ್ಲಿಯ ತನಕ ವರ್ಡ್‌ನಂಥದ್ದೇ ಆದ ಲಿಬ್ರೆಆಫೀಸ್ ರೈಟರ್ ಸಾಕು. ಅದರಲ್ಲಿ ಮೇಲ್ ಮರ್ಜ್ ಇದೆ, ಷರತ್ತಿನ ಮೇಲೆ ಪಠ್ಯ ಬದಲಿಸುವ, ಪ್ಯಾರಾ ಮರೆಮಾಡುವ ಫೀಲ್ಡ್‌ಗಳೂ ಇವೆ. ಅದರ ಜೊತೆಯ ಸ್ಪ್ರೆಡ್‌ಶೀಟ್ ಕ್ಯಾಲ್ಕ್‌ನಲ್ಲಿ ಹತ್ತು ಸುಳ್ಳು ಗಿರಾಕಿಗಳನ್ನು ಬರೆದು, ಮನೆಗೆ ಬಂದ ಯಾವುದೋ ನೋಟಿಸನ್ನು ರೈಟರ್‌ನಲ್ಲಿ ಮತ್ತೆ ಕಟ್ಟಿ ನೋಡಿ.